ಉಗಾಂಡದ ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆ: ಸ್ವಯಂಸೇವೆಗೆ ಹೊರಡುವವರು ಕೇಳಬೇಕಾದದ್ದು, ಮಾಡಬೇಕಾದದ್ದು

ಪ್ರಶ್ನೆ: ಎಂಎಸ್‌ಡಬ್ಲ್ಯೂ ಮುಗಿಸಿ ಮೂರು ವರ್ಷ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡಿದ್ದೇನೆ. ಉಗಾಂಡದ ಜಿಂಜಾ ಸುತ್ತಲಿನ ಹಳ್ಳಿಗಳಲ್ಲಿ ಸಮುದಾಯ ಆಧಾರಿತ ಮಕ್ಕಳ ರಕ್ಷಣೆ ಮಾಡುವ ಸಣ್ಣ ಸಂಸ್ಥೆಯೊಂದು ಮೂರು ತಿಂಗಳ ಮಟ್ಟಿಗೆ ಸ್ವಯಂಸೇವಕಿಯಾಗಿ ಬನ್ನಿ ಎಂದು ಕರೆದಿದೆ. ವಾರದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಂತೆ. ಪ್ರವಾಸಿ ವೀಸಾದಲ್ಲೇ ಬರಬಹುದು, ದಿನವೂ ಮಕ್ಕಳ ಜೊತೆ ನೇರ ಕೆಲಸ ಇರುತ್ತದೆ ಎನ್ನುತ್ತಾರೆ. ಈ ಸಂಸ್ಥೆಯನ್ನು ನಂಬಬಹುದೇ? ಹೋದರೆ ಅಲ್ಲಿ ನನ್ನಿಂದ ನಿಜಕ್ಕೂ ಏನಾದೀತು?

ಉತ್ತರ: ಶುಲ್ಕ ಕೇಳಿದ ಮಾತ್ರಕ್ಕೆ ಸಂಸ್ಥೆ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಊಟ, ವಸತಿ, ಓಡಾಟಕ್ಕೆ ಯಾರಾದರೂ ಖರ್ಚು ಮಾಡಲೇಬೇಕು. ಅನುಮಾನ ಪಡಬೇಕಾದದ್ದು ಉಳಿದೆರಡು ಮಾತುಗಳನ್ನು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಬನ್ನಿ ಎನ್ನುವವರು ಅಲ್ಲಿನ ಕಾನೂನನ್ನು ಸಡಿಲವಾಗಿ ನೋಡುವವರು. ಭಾಷೆ ಬಾರದ, ಮೂರು ತಿಂಗಳಿಗೆ ವಾಪಸಾಗುವ ಹೊಸಬರನ್ನು ಮೊದಲ ದಿನದಿಂದಲೇ ಮಕ್ಕಳ ನಡುವೆ ಬಿಡುವವರು ಮಕ್ಕಳ ರಕ್ಷಣೆಯ ಮೊದಲ ಪಾಠವನ್ನೇ ಮರೆತವರು. ಸಮುದಾಯ ಆಧಾರಿತ ಕೆಲಸದಲ್ಲಿ ಮಗುವಿಗೂ ಹೊರಗಿನಿಂದ ಬಂದವರಿಗೂ ನಡುವೆ ಆ ಊರಿನವರೊಬ್ಬರು ಸದಾ ಇರಬೇಕು. ಒಂದು ಸಂಸ್ಥೆ ಹೇಗಿದೆ, ಅಲ್ಲಿ ನಿಮ್ಮ ಜಾಗ ಯಾವುದು ಎಂಬ ಎರಡನ್ನೂ ಈ ಒಂದೇ ಅಳತೆಯಿಂದ ನೋಡಬಹುದು.

ಮೊದಲು ಅಲ್ಲಿನ ವ್ಯವಸ್ಥೆ ತಿಳಿದುಕೊಳ್ಳಿ. ನಮ್ಮಲ್ಲಿ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದ್ದು, ಮಗುವನ್ನು ಎಲ್ಲಿ ಇರಿಸಬೇಕೆಂದು ಅದೇ ಆದೇಶ ಮಾಡುತ್ತದೆ. ಉಗಾಂಡದಲ್ಲಿ ಅಂಥ ಸಮಿತಿ ಇಲ್ಲ. ಹಳ್ಳಿ ಮಟ್ಟದ ಸ್ಥಳೀಯ ಮಂಡಳಿಗೆ ಎಲ್‌ಸಿ-1 ಎನ್ನುತ್ತಾರೆ. ಅದರ ಉಪಾಧ್ಯಕ್ಷರೇ ಕಾನೂನಿನ ಪ್ರಕಾರ ಮಕ್ಕಳ ವ್ಯವಹಾರಗಳ ಕಾರ್ಯದರ್ಶಿ. ಮಗುವಿನ ಹಕ್ಕಿಗೆ ಧಕ್ಕೆಯಾಗಿದೆ ಎಂದು ಗೊತ್ತಾದ ಯಾರೇ ಆದರೂ ಸ್ಥಳೀಯ ಮಂಡಳಿಗೆ ತಿಳಿಸಬೇಕೆಂದು ಅಲ್ಲಿನ ಮಕ್ಕಳ ಕಾಯ್ದೆ ಹೇಳುತ್ತದೆ. ಅದರ ಮೇಲೆ ಪ್ಯಾರಿಷ್ (ಕೆಲವು ಹಳ್ಳಿಗಳ ಗುಂಪು) ಮಟ್ಟದಲ್ಲಿ ಪ್ಯಾರಾ-ಸೋಷಿಯಲ್ ವರ್ಕರ್‌ಗಳು ಇರುತ್ತಾರೆ. ಇವರು ಸಂಬಳವಿಲ್ಲದೆ, ಸಣ್ಣ ತರಬೇತಿ ಪಡೆದು ಕೆಲಸ ಮಾಡುವ ಊರಿನವರೇ. ಕೆಲವು ಪ್ಯಾರಿಷ್‌ಗಳು ಸೇರಿದ ಸಬ್-ಕೌಂಟಿಯಲ್ಲಿ ಕಮ್ಯುನಿಟಿ ಡೆವಲಪ್‌ಮೆಂಟ್ ಆಫೀಸರ್, ಜಿಲ್ಲೆಯಲ್ಲಿ ಪ್ರೊಬೇಷನ್ ಮತ್ತು ಸಮಾಜ ಕಲ್ಯಾಣ ಅಧಿಕಾರಿ, ಪೊಲೀಸರಲ್ಲಿ ಮಕ್ಕಳ ಮತ್ತು ಕುಟುಂಬ ರಕ್ಷಣಾ ಘಟಕ, ಕೊನೆಗೆ ಕುಟುಂಬ ಮತ್ತು ಮಕ್ಕಳ ನ್ಯಾಯಾಲಯ. ಇಡೀ ಸರಪಳಿ ಪ್ರೊಬೇಷನ್ ಅಧಿಕಾರಿಯ ಮೇಲೆ ನಿಂತಿದೆ. ಅವರ ಮೇಜಿನ ಮೇಲೆ ಇಡೀ ಜಿಲ್ಲೆಯ ಪ್ರಕರಣಗಳು ಇರುತ್ತವೆ, ಗಾಡಿಗೆ ಪೆಟ್ರೋಲ್ ಇರುವುದಿಲ್ಲ. ನಮ್ಮ 1098ರಂತೆ ಅಲ್ಲಿನ ಉಚಿತ ಸಹಾಯವಾಣಿ 116, ಹೆಸರು ಸೌತಿ.

ಈ ಸರಪಳಿಗೆ ಕೈಜೋಡಿಸುವ ಸಂಸ್ಥೆ ಸಮುದಾಯ ಆಧಾರಿತ. ಅದನ್ನು ಬದಿಗೆ ಸರಿಸಿ ತಾನೇ ಮಕ್ಕಳನ್ನು ಒಯ್ದು ಕಟ್ಟಡವೊಂದರಲ್ಲಿ ಇಟ್ಟುಕೊಳ್ಳುವ ಸಂಸ್ಥೆ, ಬೋರ್ಡಿನ ಮೇಲೆ ಏನೇ ಬರೆದುಕೊಂಡಿರಲಿ, ಅನಾಥಾಲಯವೇ. ಈ ವ್ಯತ್ಯಾಸ ನೋಡುವಾಗ ದಾಕ್ಷಿಣ್ಯ ಬೇಡ. ಯುನಿಸೆಫ್ ಬಳಸುವ ವ್ಯಾಖ್ಯೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರು ತೀರಿಕೊಂಡರೂ ಮಗು ಅನಾಥವೇ. ಹಾಗಾಗಿ 'ಅನಾಥರು' ಎಂದು ತೋರಿಸುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ತಾಯಿಯೋ ಅಜ್ಜಿಯೋ ಇದ್ದೇ ಇರುತ್ತಾರೆ. ಮಗು ಮನೆ ಬಿಡುವುದು ಶಾಲೆ ಫೀಸಿಗೆ, ಊಟಕ್ಕೆ, ಅಥವಾ ಯಾರೋ ಬಂದು 'ನಾವು ಓದಿಸುತ್ತೇವೆ' ಎಂದು ಕರೆದುಕೊಂಡು ಹೋದದ್ದಕ್ಕೆ. ವಿದೇಶಿ ಸ್ವಯಂಸೇವಕರು ಹೆಚ್ಚಿದಷ್ಟೂ ತೋರಿಸಲು ಮಕ್ಕಳು ಬೇಕಾಗುತ್ತಾರೆ. ಸಮಸ್ಯೆಯ ಬೇರು ಇಲ್ಲಿದೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಪ್ರವಾಸದ ಹಾನಿಯನ್ನು ಹೆಸರಿಸಿಯೇ ಹೇಳಿತು. ಆಸ್ಟ್ರೇಲಿಯಾದಲ್ಲಿ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ಬಂದಾಗಲೇ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯೂ ಚರ್ಚೆಗೆ ಬಂದಿತ್ತು. ಉಗಾಂಡದ ನೆರೆಯ ರುವಾಂಡ ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಮರಳಿಸುವ ನೀತಿಯನ್ನು 2012ರಲ್ಲೇ ಒಪ್ಪಿಕೊಂಡಿತು.

ಇನ್ನು ಸಂಸ್ಥೆಗೆ ಬರೆಯಬೇಕಾದ ಪತ್ರದ ವಿಷಯ. ಒಂದೇ ಇಮೇಲ್‌ನಲ್ಲಿ ಎಲ್ಲ ಕೇಳಿ, ಸಂಕೋಚ ಬೇಡ. ಆಂತರಿಕ ವ್ಯವಹಾರಗಳ ಸಚಿವಾಲಯದಡಿಯ ಎನ್‌ಜಿಒ ನೋಂದಣಿ ಪತ್ರ ಮತ್ತು ಕೆಲಸ ಮಾಡಲು ಕೊಡುವ ಪರ್ಮಿಟ್, ಎರಡರ ಪ್ರತಿಯೂ ಬೇಕು. ನೋಂದಣಿ ಒಂದು, ಪರ್ಮಿಟ್ ಇನ್ನೊಂದು. ಪರ್ಮಿಟ್‌ಗೆ ಅವಧಿ ಇರುತ್ತದೆ, ಮುಗಿದದ್ದನ್ನು ತೋರಿಸುವವರೂ ಉಂಟು. ಮೂರನೆಯದು, ಜಿಲ್ಲಾ ಆಡಳಿತದೊಂದಿಗೆ ಮಾಡಿಕೊಂಡ ಒಪ್ಪಂದ ಪತ್ರ. ಅದರಲ್ಲಿ ಯಾವ ಸಬ್-ಕೌಂಟಿಗಳಲ್ಲಿ ಯಾವ ಕೆಲಸ ಎಂದು ಬರೆದಿರಬೇಕು. ಆಮೇಲೆ ಪ್ರೊಬೇಷನ್ ಅಧಿಕಾರಿಯ ಕಚೇರಿಯ ಸಂಪರ್ಕ ಕೇಳಿ, ನೀವೇ ಮಾತನಾಡಿ. 'ಈ ಸಂಸ್ಥೆಯಿಂದ ನಿಮಗೆ ಪ್ರಕರಣಗಳು ಬರುತ್ತವೆಯೇ' ಎಂಬ ಒಂದೇ ಪ್ರಶ್ನೆ ಸಾಕು. ಉತ್ತರ ಬರುವ ಧಾಟಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಅದೇ ಪತ್ರದಲ್ಲಿ ಮಕ್ಕಳ ಸುರಕ್ಷತಾ ನೀತಿಯ ಪ್ರತಿ ಕೇಳಿ. ದೂರು ಬಂದರೆ ಯಾರಿಗೆ, ನಿರ್ದೇಶಕರ ಮೇಲೆಯೇ ದೂರು ಬಂದರೆ ಯಾರಿಗೆ ಎಂಬುದು ಅದರಲ್ಲಿ ಇದೆಯೇ ನೋಡಿ. ಎರಡನೆಯದು ಇಲ್ಲದ ನೀತಿ ಬರೀ ಕಾಗದ. ನಿಮ್ಮನ್ನು ಅವರು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನೂ ಗಮನಿಸಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ಹಿಂದೆ ನಿಮ್ಮ ಮೇಲ್ವಿಚಾರಕರಾಗಿದ್ದ ಇಬ್ಬರ ಶಿಫಾರಸು, ಸಂದರ್ಶನ, ಸಹಿ ಹಾಕಬೇಕಾದ ನಡವಳಿಕೆ ಸಂಹಿತೆ, ಇವುಗಳಲ್ಲಿ ಯಾವುದನ್ನೂ ಕೇಳದೆ ಹಣ ಕಟ್ಟಿದ ಕೂಡಲೇ ಸ್ವಾಗತಿಸಿದರೆ ಹೋಗಬೇಡಿ. ನಿಮ್ಮನ್ನು ಪರೀಕ್ಷಿಸದವರು ನಿಮಗಿಂತ ಮೊದಲು ಬಂದವರನ್ನೂ ಪರೀಕ್ಷಿಸಿರುವುದಿಲ್ಲ. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ನಿರಾಶ್ರಿತರ ಶಿಬಿರಗಳಲ್ಲಿ ನೆರವು ಕಾರ್ಯಕರ್ತರೇ ಮಕ್ಕಳನ್ನು ಲೈಂಗಿಕವಾಗಿ ದುರ್ಬಳಕೆ ಮಾಡಿಕೊಂಡದ್ದು ಹೊರಬಿದ್ದ ಮೇಲೆ, 2003ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹೊರಡಿಸಿದ ನಿಯಮಗಳೇ ಇವತ್ತಿನ ಸಂಹಿತೆಗಳಿಗೆ ಆಧಾರ. ಸ್ಥಳೀಯ ಕಾನೂನು ಏನೇ ಹೇಳಲಿ, 18 ತುಂಬದವರೊಂದಿಗೆ ಲೈಂಗಿಕ ಸಂಬಂಧ ಕೂಡದು, ವಯಸ್ಸು ಗೊತ್ತಿರಲಿಲ್ಲ ಎಂಬ ಸಬೂಬು ನಡೆಯದು. ಭಾರತೀಯ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ನಮ್ಮ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ ಎಂಬುದನ್ನು ಹೋಗುವವರೆಲ್ಲ ತಿಳಿದಿರಬೇಕು.

ಶುಲ್ಕದ ಲೆಕ್ಕ ಕೇಳಿ: ವಸತಿಗೆ ಎಷ್ಟು, ಊಟಕ್ಕೆ ಎಷ್ಟು, ಮೇಲ್ವಿಚಾರಣೆಗೆ ಎಷ್ಟು, ಸಂಸ್ಥೆಗೆ ಎಷ್ಟು, ನಡುವಿನ ಏಜೆನ್ಸಿಗೆ ಎಷ್ಟು. ಬಿಡಿಸಿ ಹೇಳಿದರೆ ಕಟ್ಟಬಹುದು. ಇದನ್ನು ದಾನವೆಂದು ಭಾವಿಸಿ 80ಜಿ ತೆರಿಗೆ ವಿನಾಯಿತಿ ನಿರೀಕ್ಷಿಸಬೇಡಿ, ಅದು ಭಾರತದಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ.

ಈಗ ಜಿಂಜಾ. ಕಂಪಾಲಾದಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ., ವಿಕ್ಟೋರಿಯಾ ಸರೋವರದಿಂದ ನೈಲ್ ಹೊರಡುವ ಜಾಗ. ಸುತ್ತಲಿನದು ಬುಸೋಗ ಸೀಮೆ, ಮನೆಮಾತು ಲುಸೋಗ. ಕಬ್ಬಿನ ನಾಡು. ಮಂಡ್ಯ, ಬೆಳಗಾವಿ ಕಡೆಯವರಿಗೆ ಗದ್ದೆ ನೋಡಿದರೆ ಊರಿಗೆ ಬಂದಂತೆ ಅನ್ನಿಸಬಹುದು. ಆದರೆ ಅಲ್ಲಿ ಮಕ್ಕಳ ರಕ್ಷಣೆಯ ಸಮಸ್ಯೆ ಕಬ್ಬಿನಿಂದಲೇ ಶುರುವಾಗುತ್ತದೆ. ಸಣ್ಣ ಹಿಡುವಳಿದಾರರು ಜಮೀನನ್ನು ಕಬ್ಬಿಗೆ ಬಿಟ್ಟುಕೊಟ್ಟ ಮೇಲೆ ಮನೆಗೆ ಬೇಕಾದ ಜೋಳ, ಗೆಣಸು, ಬೀನ್ಸ್ ಬೆಳೆಯಲು ಜಾಗ ಉಳಿಯುವುದಿಲ್ಲ. ಗಂಡು ಮಕ್ಕಳು ಶಾಲೆ ಬಿಟ್ಟು ಕಡಿಯಲು, ಲಾರಿಗೆ ತುಂಬಲು ಹೋಗುತ್ತಾರೆ. ಕೂಲಿ ಕೈಗೆ ಬಂದ ಹುಡುಗನನ್ನು ಮತ್ತೆ ತರಗತಿಗೆ ಕೂರಿಸುವುದು ಕಷ್ಟ. ಹೆಣ್ಣು ಮಕ್ಕಳಲ್ಲಿ ಹದಿಹರೆಯದ ಬಸಿರು ದೊಡ್ಡ ಸಮಸ್ಯೆ. ಕೋವಿಡ್ ಕಾಲದಲ್ಲಿ ಉಗಾಂಡದ ಶಾಲೆಗಳು 2020ರ ಮಾರ್ಚ್‌ನಿಂದ 2022ರ ಜನವರಿಯವರೆಗೆ ಹೆಚ್ಚುಕಡಿಮೆ ಮುಚ್ಚಿಯೇ ಇದ್ದವು. ಜಗತ್ತಿನಲ್ಲೇ ಅತಿ ದೀರ್ಘ ಕಾಲ ಮುಚ್ಚಿದ ಶಾಲೆಗಳಲ್ಲಿ ಅವೂ ಸೇರಿದ್ದವು. ಆಗ ಬಿಟ್ಟವರಲ್ಲಿ ಅನೇಕರು ವಾಪಸು ಬರಲಿಲ್ಲ. 1997ರಿಂದ ಪ್ರಾಥಮಿಕ ಶಿಕ್ಷಣ ಉಚಿತ ಎಂದಿದ್ದರೂ ಊಟ, ಸಮವಸ್ತ್ರ, ಪರೀಕ್ಷೆ ಎಂದು ಶಾಲೆಗಳು ಹಣ ಕೇಳುತ್ತವೆ. ಟರ್ಮ್ ಶುರುವಾಗುವ ಫೆಬ್ರವರಿ, ಮೇ-ಜೂನ್, ಸೆಪ್ಟೆಂಬರ್‌ಗಳಲ್ಲಿ ಸಂಸ್ಥೆಯ ಬಾಗಿಲಿಗೆ ಬರುವವರೆಲ್ಲ ಫೀಸಿನ ಮಾತೇ ಆಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ನೀವು ಭಾರತೀಯರು. ಅಲ್ಲಿನ ಜನ ಬಿಳಿಯರನ್ನು ಮುಜುಂಗು ಎನ್ನುತ್ತಾರೆ, ನಿಮ್ಮನ್ನು ಮುಯಿಂಡಿ ಎನ್ನುತ್ತಾರೆ. ಜಿಂಜಾದ ಹಳೆ ಅಂಗಡಿ ಸಾಲುಗಳಲ್ಲಿ ಇಂದಿಗೂ ಗುಜರಾತಿ ಹೆಸರುಗಳು ಕಾಣುತ್ತವೆ. 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ದೇಶದಿಂದ ಓಡಿಸಿದ್ದು, 1986ರ ನಂತರ ಕೆಲವರು ಮರಳಿ ಬಂದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಹಳ್ಳಿಯವರ ಕಣ್ಣಿಗೆ ನೀವು ಮೊದಲು ಅಂಗಡಿ, ಕಾರ್ಖಾನೆಯವರ ಕಡೆಯವರು. ಕಬ್ಬಿನ ಗದ್ದೆಯಲ್ಲಿ ದುಡಿಯುವ ಮಕ್ಕಳ ಬಗ್ಗೆ ನೀವೇ ಪ್ರಶ್ನೆ ಕೇಳಿದರೆ ಕಾರ್ಖಾನೆ ಕಳಿಸಿದೆ ಎಂದು ಒಬ್ಬರು, ಕಾರ್ಖಾನೆಗೆ ವಿರುದ್ಧ ಬಂದಿದ್ದಾಳೆ ಎಂದು ಇನ್ನೊಬ್ಬರು ತಿಳಿಯುತ್ತಾರೆ. ಸಮೀಕ್ಷೆಯ ಪ್ರಶ್ನೆಗಳನ್ನು ಊರಿನ ಪ್ಯಾರಾ-ಸೋಷಿಯಲ್ ವರ್ಕರ್ ಕೇಳಲಿ. ಪಟ್ಟಿ ತಯಾರಿಸಲು, ಬಂದ ಉತ್ತರಗಳನ್ನು ಕೂಡಿಸಲು ನೀವಿರಿ.

ಹಾಗಾದರೆ ಸಮುದಾಯದ ಕೆಲಸ ಎಂದರೆ ಏನು? ಹೆಚ್ಚಿನ ಸಂಸ್ಥೆಗಳ ಉತ್ತರ, ಊರಿಗೊಂದು ಮಕ್ಕಳ ರಕ್ಷಣಾ ಸಮಿತಿ ಮಾಡುವುದು. ಹತ್ತಿಪ್ಪತ್ತು ಜನರನ್ನು ಕೂರಿಸಿ, ಎರಡು ದಿನ ತರಬೇತಿ ಕೊಟ್ಟು, ಟೀ ಶರ್ಟು ಹಂಚಿ, ವರದಿಯಲ್ಲಿ ಒಂದು ಸಂಖ್ಯೆ ಬರೆಯುವುದು. ಸಿಯೆರಾ ಲಿಯೋನ್‌ನ ಮೊಯಾಂಬಾ ಮತ್ತು ಬೊಂಬಾಲಿ ಜಿಲ್ಲೆಗಳಲ್ಲಿ ನಡೆದ ಸಂಶೋಧನೆ ಈ ಪದ್ಧತಿಯ ಮೇಲೆ ಒಳ್ಳೆಯ ಪೆಟ್ಟು ಕೊಟ್ಟಿತು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ನೋಡಿದಾಗ, ಕಾನೂನಿನಂತೆ ರಚನೆಯಾದ ಮಕ್ಕಳ ಕಲ್ಯಾಣ ಸಮಿತಿಗಳ ಹತ್ತಿರ ಜನ ಹೋಗುವುದೇ ಅಪರೂಪ. ಹೋಗುತ್ತಿದ್ದದ್ದು ಕುಟುಂಬದ ಹಿರಿಯರ ಹತ್ತಿರ, ಊರ ಮುಖ್ಯಸ್ಥರ ಹತ್ತಿರ. ಆಮೇಲೆ ಹಳ್ಳಿಯವರನ್ನೇ 'ನಿಮ್ಮ ಮಕ್ಕಳಿಗೆ ಮುಖ್ಯ ಅಪಾಯ ಯಾವುದು, ಅದಕ್ಕೆ ನೀವೇ ಏನು ಮಾಡುತ್ತೀರಿ' ಎಂದು ಕೇಳಿದಾಗ ಅವರು ಹದಿಹರೆಯದ ಬಸಿರನ್ನು ಆರಿಸಿದರು, ಕುಟುಂಬ ಯೋಜನೆ, ಲೈಂಗಿಕ ಆರೋಗ್ಯದ ತಿಳುವಳಿಕೆ, ಹೆತ್ತವರೊಂದಿಗೆ ಮಾತುಕತೆ ಎಂದು ತಾವೇ ದಾರಿ ಕಂಡುಕೊಂಡರು. ಹಣ ತಂದು 'ಇದು ಮಾಡಿ' ಎನ್ನುವುದಕ್ಕಿಂತ ಇದು ನಿಧಾನ. ದಾನಿಗಳಿಗೆ ಆ ನಿಧಾನ ಹಿಡಿಸುವುದಿಲ್ಲ, ತಿಂಗಳುಗಟ್ಟಲೆ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲವಲ್ಲ.

ಬುಸೋಗ, ಬುಗಾಂಡ ಕಡೆ ಹೆಣ್ಣು ಮಗು ಗುಟ್ಟು ಹೇಳಿಕೊಳ್ಳುವುದು ಸೋದರತ್ತೆಗೆ. ಬುಗಾಂಡದಲ್ಲಿ ಅವಳನ್ನು ಸೆಂಗಾ ಎನ್ನುತ್ತಾರೆ, ಹುಡುಗಿಗೆ ಮೈನೆರೆದ ಕಾಲದ ತಿಳುವಳಿಕೆ ಹೇಳುವುದು ಸಂಪ್ರದಾಯದಲ್ಲಿ ಅವಳದೇ ಕೆಲಸ. ಏಡ್ಸ್ ಕಾಲದಲ್ಲಿ ಒಂದು ತಲೆಮಾರು ಹೋದ ಮನೆಗಳಲ್ಲಿ ಅಜ್ಜಿಯೇ ಯಜಮಾನಿ. ಸಮಿತಿಯ ಪಟ್ಟಿಯಲ್ಲಿ ಸೋದರತ್ತೆಯರು, ಅಜ್ಜಿಯರು, ಬೋಡಾ-ಬೋಡಾ ಎಂಬ ಬಾಡಿಗೆ ಬೈಕ್ ಓಡಿಸುವ ಹುಡುಗರು ಇಲ್ಲದೆ ಬರೀ ಶಾಲಾ ಮುಖ್ಯೋಪಾಧ್ಯಾಯರು, ಪಾದ್ರಿಗಳು, ಮಂಡಳಿ ಸದಸ್ಯರು ಇದ್ದರೆ ಅಂಥ ಸಮಿತಿಗೆ ಮಗುವಿನ ಸುದ್ದಿ ಕೊನೆಗೆ ತಲುಪುತ್ತದೆ.

ಇನ್ನು ಈ ಸಮಿತಿಗಳ ಕೆಲಸ ಹಾಳಾಗುವ ರೀತಿಗಳು. ಮೊದಲನೆಯದು, ಒಂದೇ ಊರಿನಲ್ಲಿ ನಾಲ್ಕು ಸಂಸ್ಥೆಗಳು ನಾಲ್ಕು ಸಮಿತಿ ಮಾಡಿ ಅದೇ ಹತ್ತು ಜನರನ್ನು ಸೇರಿಸಿಕೊಳ್ಳುವುದು. ಎರಡನೆಯದು ಭತ್ಯೆ. ಸಭೆಗೆ ಬಂದವರಿಗೆ ಕೊಡುವ ಓಡಾಟದ ದುಡ್ಡಿಗೆ ಅಲ್ಲಿ ಫೆಸಿಲಿಟೇಶನ್ ಎನ್ನುತ್ತಾರೆ. ಒಂದು ಸಂಸ್ಥೆ ಜಾಸ್ತಿ ಕೊಟ್ಟರೆ ಇನ್ನೊಂದರ ಸಭೆ ಖಾಲಿ. ಯೋಜನೆ ಮುಗಿದು ಭತ್ಯೆ ನಿಂತ ತಿಂಗಳೇ ಸಮಿತಿಯೂ ಮುಗಿಯುತ್ತದೆ. ನೀವು ಕೈಯಿಂದ ಯಾರಿಗೂ ಒಂದು ಶಿಲ್ಲಿಂಗ್ ಕೊಡಬೇಡಿ, ಸಂಸ್ಥೆ ಜಿಲ್ಲೆಯ ದರದಲ್ಲಿ ರಸೀದಿ ಪಡೆದು ಕೊಡಲಿ. ಮೂರನೆಯದು ದಂಡ. ಕೆಲವೆಡೆ ಸಮಿತಿಗಳು ತಾವೇ ಉಪನಿಯಮ ಮಾಡಿಕೊಂಡು ಮಗುವನ್ನು ಶಾಲೆಗೆ ಕಳಿಸದ, ಹೊಡೆದ ಪೋಷಕರಿಗೆ ದಂಡ ಹಾಕುತ್ತವೆ. ಬಡವರು ದಂಡಕ್ಕೆ ಹೆದರಿ ಸುದ್ದಿಯನ್ನೇ ಮುಚ್ಚಿಡುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು, ರಾಜಿ. ಉಗಾಂಡದ ಕಾನೂನಿನಲ್ಲಿ 18ರೊಳಗಿನ ಮಗುವಿನ ಮೇಲಿನ ಲೈಂಗಿಕ ಕೃತ್ಯ ಡಿಫೈಲ್‌ಮೆಂಟ್ ಎಂಬ ಗಂಭೀರ ಅಪರಾಧ. ಆದರೆ ಎರಡು ಮನೆಯವರು ಕೂತು ಮೇಕೆ, ಹಸು, ಹಣದಲ್ಲಿ ಅದನ್ನು ಮುಗಿಸಿಬಿಡುತ್ತಾರೆ, ಎಲ್‌ಸಿ ಸದಸ್ಯರೇ ಮಧ್ಯಸ್ಥರಾಗುವುದೂ ಉಂಟು. ಜನ ಹೀಗೇಕೆ ಮಾಡುತ್ತಾರೆಂದು ಅರ್ಥ ಮಾಡಿಕೊಳ್ಳದೆ ಬೈದರೆ ಪ್ರಯೋಜನವಿಲ್ಲ. ಪೊಲೀಸ್ ಠಾಣೆಗೆ ಹೋಗಿ ಬರುವ ಖರ್ಚು, ಉಚಿತವಾಗಿ ಸಿಗಬೇಕಾದ ಫಾರಂಗೂ ಹಣ ಕೇಳುವ ಕೈ, ವರ್ಷಗಟ್ಟಲೆ ಮುಂದೂಡುವ ಕೋರ್ಟು ಇವೆಲ್ಲದರ ಎದುರಿಗೆ ಹಸು ಕಣ್ಣಿಗೆ ಕಾಣುವ ಪರಿಹಾರ.

ಹಾಗಾಗಿ ಉಪದೇಶಕ್ಕಿಂತ ಹೆಚ್ಚು ಉಪಯೋಗವಾಗುವುದು ದಾರಿ ಸುಗಮ ಮಾಡುವ ಕೆಲಸ. ನಿಮ್ಮ ಅನುಭವಕ್ಕೆ ಸರಿಯಾಗಿ ಹೊಂದುವ ಕೆಲಸವೂ ಅದೇ. ಲೈಂಗಿಕ ಹಲ್ಲೆಯಾದ ಮಗುವಿಗೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆ ಗಡುವು, ಬೇಗ ಕೊಟ್ಟಷ್ಟೂ ಒಳ್ಳೆಯದು. ವೈದ್ಯಕೀಯ ಪರೀಕ್ಷೆಯನ್ನು ದಾಖಲಿಸುವ ಪೊಲೀಸ್ ಫಾರಂ 3ಎ. ಈ ಗಡುವುಗಳು ತಪ್ಪುವುದು ಹೆಚ್ಚಾಗಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಗೊತ್ತಿಲ್ಲದೆ. ಉಗಾಂಡದಲ್ಲಿ ಆರೋಗ್ಯ ಕೇಂದ್ರಗಳಿಗೆ ದರ್ಜೆ ಇದೆ: ಪ್ಯಾರಿಷ್‌ನಲ್ಲಿ ಎರಡನೆಯದು, ಸಬ್-ಕೌಂಟಿಯಲ್ಲಿ ಮೂರನೆಯದು, ಅದರ ಮೇಲೆ ನಾಲ್ಕನೆಯದು, ಆಮೇಲೆ ಆಸ್ಪತ್ರೆ. ಸಂಸ್ಥೆ ಕೆಲಸ ಮಾಡುವ ಪ್ರದೇಶದ ಪ್ರತಿಯೊಂದು ಕೇಂದ್ರಕ್ಕೂ ಸ್ಥಳೀಯ ಸಹೋದ್ಯೋಗಿಯ ಜೊತೆ ಹೋಗಿ ಬನ್ನಿ. ಈ ಮಾತ್ರೆ ಸ್ಟಾಕಿನಲ್ಲಿದೆಯೇ, ಮಕ್ಕಳ ಪ್ರಮಾಣದ್ದು ಇದೆಯೇ, ಫಾರಂಗೆ ಸಹಿ ಮಾಡುವವರು ಯಾರು, ರಾತ್ರಿ ಮತ್ತು ಭಾನುವಾರ ಯಾರಿರುತ್ತಾರೆ, ಹಳ್ಳಿಯಿಂದ ಬೋಡಾ ಬಾಡಿಗೆ ಎಷ್ಟು, ಎಷ್ಟು ಹೊತ್ತು ಎಂದು ಬರೆದುಕೊಳ್ಳಿ. ಪೊಲೀಸ್ ಘಟಕ, ಪ್ರೊಬೇಷನ್ ಕಚೇರಿ, ಕೋರ್ಟಿಗೂ ಹಾಗೆಯೇ. ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ಲುಸೋಗಕ್ಕೆ ಅನುವಾದ ಮಾಡಿಸಿ, ಪ್ರತಿ ಪ್ಯಾರಾ-ಸೋಷಿಯಲ್ ವರ್ಕರ್ ಕೈಗೆ ಕೊಡಿ. ಆರು ತಿಂಗಳಿಗೊಮ್ಮೆ ಯಾರು ತಿದ್ದಬೇಕೆಂದೂ ಅದರಲ್ಲೇ ಬರೆದಿಡಿ, ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಅರ್ಧ ಫೋನ್ ನಂಬರ್ ಸತ್ತಿರುತ್ತವೆ.

ಎರಡನೆಯ ಕೆಲಸ ಕಡತಗಳು. ಮಗುವಿನ ಪ್ರಕರಣ ಗುರುತಿಸುವಿಕೆ, ಮೌಲ್ಯಮಾಪನ, ಯೋಜನೆ, ಅನುಷ್ಠಾನ, ಪರಿಶೀಲನೆ, ಮುಕ್ತಾಯ ಎಂದು ನಡೆಯಬೇಕು. ಇದು ನಿಮಗೆ ಗೊತ್ತಿರುವುದೇ. ಸಣ್ಣ ಸಂಸ್ಥೆಗಳಲ್ಲಿ ಮೊದಲೆರಡು ಹಂತ ಚೆನ್ನಾಗಿ ತುಂಬಿರುತ್ತವೆ, ಮೂರನೆಯದು ಒಂದು ಸಾಲು, ಉಳಿದದ್ದು ಖಾಲಿ. ಮುಕ್ತಾಯ ಮಾಡುವ ಅಭ್ಯಾಸವೇ ಇಲ್ಲದೆ ನಾಲ್ಕು ವರ್ಷ ಹಿಂದಿನ ಪ್ರಕರಣವೂ 'ನಡೆಯುತ್ತಿದೆ'. ಎಲ್ಲ ತೆರೆದ ಕಡತಗಳನ್ನು ಒಂದು ಎಕ್ಸೆಲ್ ಹಾಳೆಗೆ ತನ್ನಿ: ಸಂಕೇತ ಸಂಖ್ಯೆ, ಅಪಾಯದ ಮಟ್ಟ, ಕೊನೆಯ ಭೇಟಿಯ ದಿನ, ಮುಂದಿನ ಭೇಟಿ, ಹೊಣೆ ಯಾರದು. ಮೂರು ತಿಂಗಳಿಂದ ಯಾರೂ ಹೋಗದ ಮನೆಗಳ ಪಟ್ಟಿ ಮೊದಲ ವಾರದಲ್ಲೇ ಸಿಗುತ್ತದೆ. ಒಬ್ಬ ಕಾರ್ಯಕರ್ತರಿಗೆ 25ಕ್ಕಿಂತ ಹೆಚ್ಚು ಪ್ರಕರಣ ಇರಬಾರದೆಂಬುದು ಅಂತಾರಾಷ್ಟ್ರೀಯ ಮಾನದಂಡ. ನಿಮ್ಮ ಹಾಳೆ 60 ತೋರಿಸಿದರೆ ಅದನ್ನಿಟ್ಟುಕೊಂಡು ದಾನಿಯ ಹತ್ತಿರ ಇನ್ನೊಬ್ಬರ ಸಂಬಳ ಕೇಳಬಹುದು. ಹೆಸರು ಮತ್ತು ಸಂಕೇತ ಸಂಖ್ಯೆಯನ್ನು ಹೊಂದಿಸುವ ಪಟ್ಟಿ ಬೇರೆ ಕಪಾಟಿನಲ್ಲಿ, ಬೀಗ ಹಾಕಿ ಇರಬೇಕು. ಉಗಾಂಡದ 2019ರ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆ ಎಕ್ಸೆಲ್ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಊರಿಗೆ ಬರಕೂಡದು.

ವಾರಕ್ಕೊಮ್ಮೆ ಕಾರ್ಯಕರ್ತರು ಕೂತು ಕಷ್ಟದ ಪ್ರಕರಣಗಳನ್ನು ಚರ್ಚಿಸುವ ಸಭೆ ಇಲ್ಲದಿದ್ದರೆ ಶುರು ಮಾಡಿಸಿ. ನಡೆಸುವವರು ನೀವಾಗಬೇಡಿ. ಮೊದಲೆರಡು ಸಭೆಗೆ ಪ್ರಶ್ನೆಗಳನ್ನು ಬರೆದುಕೊಟ್ಟು, ಮೂರನೆಯದರಿಂದ ಹಿಂದಿನ ಬೆಂಚಿಗೆ ಹೋಗಿ.

ಮನೆಯ ಆದಾಯದ ಕಡೆ ಕೈಹಾಕುವ ಸಂಸ್ಥೆಯಾದರೆ ಉಳಿತಾಯ ಗುಂಪುಗಳು ಇರುತ್ತವೆ. ಸ್ತ್ರೀಶಕ್ತಿ ಸಂಘ ಕಂಡವರಿಗೆ ಅರ್ಧ ಪರಿಚಿತ, ಅರ್ಧ ಬೇರೆ. 1991ರಲ್ಲಿ ನೈಜರ್‌ನಲ್ಲಿ ಕೇರ್ ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆ ಶುರು ಮಾಡಿದ ಮಾದರಿ ಇದು. 15ರಿಂದ 25 ಜನ, ಮೂರು ಬೀಗದ ಕಬ್ಬಿಣದ ಪೆಟ್ಟಿಗೆ, ಮೂರು ಬೀಗದ ಕೈ ಮೂವರ ಹತ್ತಿರ, ವಾರಕ್ಕೆ ಒಬ್ಬರಿಗೆ ಒಂದರಿಂದ ಐದು ಷೇರು. ಬ್ಯಾಂಕ್ ಸಾಲದ ಜೋಡಣೆ ಇರುವುದಿಲ್ಲ, 9ರಿಂದ 12 ತಿಂಗಳಿಗೆ ಎಲ್ಲವನ್ನೂ ಬಡ್ಡಿ ಸಮೇತ ಹಂಚಿಕೊಂಡು ಮತ್ತೆ ಸೊನ್ನೆಯಿಂದ ಶುರು. ಆ ಹಂಚಿಕೆಯ ದಿನವನ್ನು ಶಾಲೆ ಟರ್ಮ್ ಶುರುವಾಗುವ ಮುಂಚೆಗೆ ಹೊಂದಿಸಿದರೆ ದುಡ್ಡು ಫೀಸಿಗೆ ಹೋಗುತ್ತದೆ. ಕ್ರಿಸ್‌ಮಸ್‌ಗೆ ಹೊಂದಿಸಿದರೆ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಿಲ್ಲ. ಹೊರಗಿನ ಹಣವನ್ನು ಮಾತ್ರ ಆ ಪೆಟ್ಟಿಗೆಗೆ ಹಾಕಬೇಡಿ. ದಾನದ ಹಣಕ್ಕೆ ಬಂದ ಸಾಲಗಾರ ವಾಪಸು ಕಟ್ಟುವುದಿಲ್ಲ, ಗುಂಪು ಒಡೆಯುತ್ತದೆ.

ನಿಮಗೆ ಇಷ್ಟವಾದ ಒಂದು ಮಗುವಿನ ಫೀಸು ಕಟ್ಟುವ ಆಸೆ ಖಂಡಿತ ಬರುತ್ತದೆ. ಬೇಡ. ಅದೇ ಮನೆಯ ಉಳಿದ ಮಕ್ಕಳು ನೋಡುತ್ತಿರುತ್ತಾರೆ, ಪಕ್ಕದ ಮನೆಯವರು ತಮ್ಮ ಮಗುವನ್ನು ಇನ್ನಷ್ಟು ಹರಕು ಅಂಗಿಯಲ್ಲಿ ತಂದು ನಿಲ್ಲಿಸುತ್ತಾರೆ, ನೀವು ಊರಿಗೆ ಮರಳಿದ ಎರಡನೇ ವರ್ಷ ಹಣ ನಿಂತಾಗ ಮಗು ಬೋರ್ಡಿಂಗ್ ಶಾಲೆಯಿಂದ ಅರ್ಧಕ್ಕೆ ವಾಪಸು ಬರುತ್ತದೆ. ಕೊಡಲೇಬೇಕೆನಿಸಿದರೆ ಸಂಸ್ಥೆಯ ಸಾಮಾನ್ಯ ನಿಧಿಗೆ ಕೊಡಿ.

ಕೆಲವೊಮ್ಮೆ ಮಗು ನಿಮ್ಮ ಹತ್ತಿರವೇ ಬಂದು ಏನಾದರೂ ಹೇಳಬಹುದು, ಹೊರಗಿನವರೆಂಬ ಕಾರಣಕ್ಕೇ. ಆಗ ಕೇಳಿಸಿಕೊಳ್ಳಿ, ಪ್ರಶ್ನೆ ಹಾಕಿ ಕೆದಕಬೇಡಿ, 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ. ಸಹಾಯ ಮಾಡಬಲ್ಲ ಒಬ್ಬರಿಗೆ ಹೇಳಬೇಕಾಗುತ್ತದೆ ಎಂದು ತಿಳಿಸಿ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಂಡು ಅದೇ ದಿನ ಸಂಸ್ಥೆಯ ಮಕ್ಕಳ ಸುರಕ್ಷತಾ ಅಧಿಕಾರಿಗೆ ಒಪ್ಪಿಸಿ. ಮಗು ಇಂದು ರಾತ್ರಿ ಮಲಗುವುದು ಎಲ್ಲಿ, ಅಪಾಯ ಮಾಡಿದವರು ಅದೇ ಮನೆಯಲ್ಲಿದ್ದಾರೆಯೇ ಎಂಬ ಎರಡು ಮಾತ್ರ ತಕ್ಷಣ ತಿಳಿಯಬೇಕಾದವು. ನೀವೇ ಪೊಲೀಸರ ಹತ್ತಿರ ಓಡಿದರೆ, ಮನೆಗೆ ದುಡಿದು ಹಾಕುವವನು ಸೆರೆಗೆ ಹೋಗಿ, ಮಗುವಿನ ಮೇಲೆ ಮನೆಯವರ ಸಿಟ್ಟು ತಿರುಗಿ, ನಾಳೆ ಊಟಕ್ಕೇನು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ದೂರಿನ ಜೊತೆಗೇ ಮಗುವಿನ ವಸತಿ, ಊಟದ ಯೋಜನೆಯೂ ಹೋಗಬೇಕು, ಅದನ್ನು ಹೊಂದಿಸಬಲ್ಲವರು ಸ್ಥಳೀಯರು. ಸಂಸ್ಥೆಯೇ ಮುಚ್ಚಿಡಲು ನೋಡಿದರೆ 116 ಇದೆ, ಪ್ರೊಬೇಷನ್ ಕಚೇರಿ ಇದೆ.

ಫೋಟೋ ವಿಷಯ ಚಿಕ್ಕದು: ನಿಮ್ಮ ಫೋನಿನಲ್ಲಿ ಮಕ್ಕಳ ಫೋಟೋ ಬೇಡ. ಸಂಸ್ಥೆ ಕೇಳಿದ ಫೋಟೋ ಆದರೆ ಒಪ್ಪಿಗೆ ಪತ್ರ ಇರಲಿ, ಸಮವಸ್ತ್ರದ ಲಾಂಛನ, ಊರಿನ ಹೆಸರು, ಫೋನ್ ದಾಖಲಿಸುವ ಸ್ಥಳದ ಗುರುತು ಯಾವುದೂ ಇರಬಾರದು.

ಅವಧಿಯ ಮಾತು. ಮೂರು ತಿಂಗಳಲ್ಲಿ ಮಕ್ಕಳ ಆಪ್ತಸಮಾಲೋಚನೆ ಸಾಧ್ಯವಿಲ್ಲ, ದುಭಾಷಿಯನ್ನು ಕೂರಿಸಿಕೊಂಡು ಮಾಡುವುದು ಹಾನಿಯೇ. ಮೇಲೆ ಹೇಳಿದ ಸೇವೆಗಳ ಪಟ್ಟಿ ಮತ್ತು ಕಡತದ ಕೆಲಸಕ್ಕೆ ಮೂರು ತಿಂಗಳು ಸಾಕು. ಕಾರ್ಯಕರ್ತರ ಮೇಲ್ವಿಚಾರಣೆ, ತರಬೇತಿ ಎಂದಾದರೆ ಆರು ತಿಂಗಳಿಗೆ ಕಡಿಮೆ ಬೇಡ. ನಿಮ್ಮ ಕೆಲಸದ ವಿವರಣೆಯನ್ನು ಇದರಂತೆ ತಿದ್ದಿ ಅವರಿಗೆ ಕಳಿಸಿ. ಖುಷಿಯಿಂದ ಒಪ್ಪಿದರೆ ಹೋಗಬಹುದಾದ ಜಾಗ. 'ನಮ್ಮ ಸ್ವಯಂಸೇವಕರಿಗೆ ಮಕ್ಕಳ ಜೊತೆ ಇರುವುದೇ ಇಷ್ಟ' ಎಂಬ ಉತ್ತರ ಬಂದರೆ ಹಣ ಉಳಿಸಿಕೊಳ್ಳಿ. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಮಳೆಗಾಲ, ಕೆಂಪು ಮಣ್ಣಿನ ರಸ್ತೆಗಳಲ್ಲಿ ಬೋಡಾ ಜಾರುತ್ತದೆ, ಹಳ್ಳಿ ಭೇಟಿ ಅರ್ಧಕ್ಕಿಳಿಯುತ್ತದೆ. ಜೂನ್ ಆರಂಭದಲ್ಲಿ ಹೋಗುವುದು ಒಳ್ಳೆಯದು.

ಸಂಬಳ ಇಲ್ಲದಿದ್ದರೂ ಸ್ವಯಂಸೇವೆ ಉಗಾಂಡದ ವಲಸೆ ಇಲಾಖೆಯ ಲೆಕ್ಕದಲ್ಲಿ ಕೆಲಸವೇ. ಸ್ಪೆಷಲ್ ಪಾಸ್ (ಅಲ್ಪಾವಧಿಯ ಅನುಮತಿ) ಅಥವಾ ಜಿ ವರ್ಗದ ಪರ್ಮಿಟ್‌ಗೆ ಸಂಸ್ಥೆಯ ದಾಖಲೆಗಳೊಂದಿಗೆ ಅರ್ಜಿ ಹಾಕಬೇಕು, ತಮ್ಮ ಎನ್‌ಜಿಒ ಪರ್ಮಿಟ್‌ನ ಅವಧಿ ಮುಗಿದ ಸಂಸ್ಥೆಗಳು ಪ್ರವಾಸಿ ವೀಸಾ ಸಾಕು ಎನ್ನುವುದಕ್ಕೆ ಇದೂ ಒಂದು ಕಾರಣ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ. ಹಳದಿ ಜ್ವರದ ಲಸಿಕೆ ಕಡ್ಡಾಯ, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಚುಚ್ಚಿಸಿದ ಹತ್ತು ದಿನಗಳ ಮೇಲೆ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಪುಸ್ತಕ ಇಲ್ಲದೆ ಉಗಾಂಡದಿಂದ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಜನ ನಿಲ್ಲಿಸಿಬಿಡುವುದು ಈ ಕೊನೆಯ ನಾಲ್ಕು ವಾರದಲ್ಲೇ. ಯಾವ ಮಾತ್ರೆ ನಿಮಗೆ ಆಗುತ್ತದೆಂದು ವೈದ್ಯರನ್ನು ಕೇಳಿ. ವಿಕ್ಟೋರಿಯಾ ಸರೋವರದ ದಡದ ನೀರಿನಲ್ಲಿ ಇಳಿಯಬೇಡಿ, ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಊರಿಗೆ ಬಂದ ಕೆಲವು ತಿಂಗಳೊಳಗೆ ಜ್ವರ ಬಂದರೆ ಉಗಾಂಡದಿಂದ ಬಂದಿದ್ದೇನೆ ಎಂದು ಡಾಕ್ಟರಿಗೆ ಮೊದಲೇ ಹೇಳಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಮಲೇರಿಯಾ, ವೈರಲ್ ಜ್ವರವಿರಬೇಕೆಂದು ಎರಡು ದಿನ ಕಾದು ನೋಡುವಷ್ಟು ವ್ಯವಧಾನ ಅದಕ್ಕಿಲ್ಲ.